ದೊರೆಯ ಒದ್ದೆ ಪ್ಯಾಂಟು

ತಂತಿಯ ಮೇಲೆ ಒಣಗಲು ಹಾಕಿದ ಪ್ಯಾಂಟು ಕಂಡರೆ ನನಗೆ ಈಚೆಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಮುಗಿಯುವುದಿಲ್ಲ ಅನ್ನಿ. ಮೂಡಿಗೆರೆ ಪೇಟೆಯಲ್ಲಿ ಯಾರದ್ದೋ ಮಹಡಿಯ ಮೇಲಿನ ಪ್ಯಾಂಟಿಗೆ ಕೈ ಮುಗಿದು ನಿಂತರೆ ನೋಡಿದವರು ಏನೆಂದುಕೊಂಡಾರು? ಆದರೆ ಅದು ಒಣಗಿದೆಯೋ ಇಲ್ಲವೋ ಎಂದು ಒಂದು ಕ್ಷಣ ನಿಂತು ನೋಡದೆ ಮುಂದೆ ಹೋಗಲು ಆಗುವುದಿಲ್ಲ. ಮೊನ್ನೆ ಬಸ್ ಸ್ಟ್ಯಾಂಡ್ ಹತ್ತಿರ ಹಾಗೆ ಕತ್ತು ಎತ್ತಿ ನಿಂತಿದ್ದಾಗ ಒಬ್ಬ ಹೆಂಗಸು ಮಹಡಿಗೆ ಬಂದು ಬಟ್ಟೆಗಳನ್ನೆಲ್ಲ ಸರಸರನೆ ಎಳೆದುಕೊಂಡು ಒಳಗೆ ಹೋದರು. ನನ್ನ ವಯಸ್ಸಿಗಾಗಲಿ ಬಿಳಿ ಮೀಸೆಗಾಗಲಿ ಕಾಸಿನ ಬೆಲೆ ಸಿಗಲಿಲ್ಲ. ಇದಕ್ಕೆಲ್ಲ ಕಾರಣ ನಮ್ಮ ಜೋಸೆಪ್ಪ ದೊರೆ.

ನಿಮಗೆ ಜೋಸೆಪ್ಪ ದೊರೆ ಗೊತ್ತಿರಲಿಕ್ಕಿಲ್ಲ. ಬಣಕಲ್ಲಿನಿಂದ ದೇವರಮನೆ ಕಡೆಗೆ ಹೋಗುವಾಗ ಎಡಕ್ಕೆ ಒಂದು ಮಣ್ಣು ರಸ್ತೆ ಇಳಿಯುತ್ತದೆ. ಅದರ ಕೊನೆಯಲ್ಲಿ ನಮ್ಮ ತೋಟ. ತೋಟ ಎಂದ ಕೂಡಲೆ ಬಂಗಲೆ, ಬಟ್ಲರು, ಎತ್ತರದ ನಾಯಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನಾಯಿ ಇದೆ, ಎತ್ತರವಿಲ್ಲ. ತೋಟದ ಮೇಲಿನ ಮೂಲೆಯಲ್ಲಿ ಹಲಸಿನ ಮರದ ಕೆಳಗೆ ಉದ್ದಕ್ಕೆ ಮಲಗಿಸಿದ ಒಂದು ಸಮಾಧಿ ಕಲ್ಲಿದೆ. ಪಾಚಿ ಕೆರೆದರೆ ಜೋಸೆಫ್ ವಿಗ್ಗಿನ್ಸ್ ಎಂಬ ಹೆಸರು ಇಂಗ್ಲಿಷಿನಲ್ಲಿ ಕಾಣುತ್ತದೆ. ಇನ್ನೆಷ್ಟು ಕೆರೆದರೂ ಬೇರೇನೂ ಕಾಣುವುದಿಲ್ಲ. ನಮ್ಮ ಮುತ್ತಜ್ಜನ ಅಪ್ಪ ಇವರ ಬಳಿ ಮೇಸ್ತ್ರಿಯಾಗಿದ್ದರಂತೆ. ದೊರೆ ಸಾಯುವ ಮುಂಚೆ ಈ ತುಂಡು ಜಾಗವನ್ನು ಅವರಿಗೆ ಬಿಟ್ಟುಹೋದರಂತೆ.

ಇಷ್ಟೇ ನಮಗೆ ಗೊತ್ತಿದ್ದದ್ದು. ಆದರೆ ಮನೆತನ ಎಂದ ಮೇಲೆ ಇಷ್ಟಕ್ಕೇ ಬಿಡಲು ಆಗುತ್ತದೆಯೇ? ಮುತ್ತಜ್ಜ ಇವರನ್ನು ಒಳ್ಳೆ ಮನೆಯವರು ಎನ್ನುತ್ತಿದ್ದರು. ಅಜ್ಜನ ಕಾಲಕ್ಕೆ ಜಮೀನ್ದಾರರ ಮಗನಾದರು. ಅಪ್ಪ ಅವರನ್ನು ಲಾರ್ಡ್ ಮಾಡಿದರು. ನನ್ನ ಸರದಿ ಬಂದಾಗ ಮೇಲೆ ಹೆಚ್ಚು ಜಾಗ ಉಳಿದಿರಲಿಲ್ಲ. ರಾಣಿಯ ಚಿಕ್ಕಪ್ಪನ ಮಗ ಎಂದುಬಿಟ್ಟೆ. ಶಾಲೆಯಲ್ಲಿ ಇದನ್ನು ಎದ್ದು ನಿಂತು ಹೇಳಿದಾಗ ಮೇಷ್ಟ್ರು, ರಾಣಿಯ ಚಿಕ್ಕಪ್ಪನ ಮಗನಿಗೆ ಬಣಕಲ್ಲಿನಲ್ಲಿ ಎಂತ ಕೆಲಸ ಎಂದು ಕೇಳಿದರು. ಹವೆ ಚೆನ್ನಾಗಿದೆ ಅಂತ ಬಂದರು ಸಾರ್ ಎಂದೆ. ಅವತ್ತು ಹೊರಗೆ ಜಡಿಮಳೆ, ತರಗತಿಯಲ್ಲಿ ಅರ್ಧ ಜನಕ್ಕೆ ನೆಗಡಿ. ಮೇಷ್ಟ್ರು ನನ್ನನ್ನು ಕೂರಿಸಿದರು.

ದೊರೆಯ ಹೆಸರು ಊರಿನಲ್ಲಿ ಉಳಿದದ್ದಕ್ಕೆ ನಮ್ಮ ಬಡಾಯಿ ಮಾತ್ರ ಕಾರಣವಲ್ಲ. ನಮ್ಮ ಸುತ್ತಮುತ್ತ ಏನಾದರೂ ಕಳುವಾದರೆ ಜನ ಮೊದಲು ಬರುವುದು ದೊರೆ ಕಲ್ಲಿಗೆ. ಅದಕ್ಕೊಂದು ಕ್ರಮವಿದೆ. ಕಲ್ಲಿನ ತಲೆಯ ಕಡೆ ಒಂದು ಚುಟ್ಟಾ ಹಚ್ಚಿಡಬೇಕು. ಒಂದು ಲೋಟ ಬೆಲ್ಲದ ಕರಿ ಕಾಫಿ ಇಡಬೇಕು. ಆಮೇಲೆ ಏನು ಹೋಗಿದೆ ಎಂಬುದನ್ನು ಗಟ್ಟಿಯಾಗಿ ಕೂಗಿ ಹೇಳಬೇಕು. ದೊರೆಗೆ ಕಿವಿ ಮಂದ ಎಂದು ಹಿರಿಯರು ಹೇಳುತ್ತಿದ್ದರು. ಆಳುಗಳ ಲೈನ್ ಮನೆಗಳಿಗೂ ಆಚೆ ತೋಟಕ್ಕೂ ಕೇಳಲಿ ಎಂಬುದು ನಿಜವಾದ ಕಾರಣ ಎಂದು ನನಗೆ ಹೊಳೆದದ್ದು ತಲೆ ಬೆಳ್ಳಗಾದ ಮೇಲೆ. ಕೂಗಿ ಬಂದ ಮೇಲೆ ದೀಪ ಹಚ್ಚುವ ಹೊತ್ತಿನಿಂದ ಬೆಳಗಾಗುವವರೆಗೆ ಯಾರೂ ಆ ಕಡೆ ಸುಳಿಯುವಂತಿಲ್ಲ, ತೆಗೆದುಕೊಂಡವರಿಗೆ ತಂದಿಡಲು ದಾರಿ ಬೇಕಲ್ಲ. ವಸ್ತು ಕಲ್ಲಿನ ಮೇಲೆ ಬಂದಿದ್ದರೆ ಒಡೆಯರು ತೆಗೆದುಕೊಂಡು ಸುಮ್ಮನೆ ಮನೆಗೆ ಹೋಗಬೇಕು. ಯಾರು ತಂದಿಟ್ಟರು ಎಂದು ಕೇಳಬಾರದು. ಕೇಳಿದರೆ ದೊರೆಗೆ ಸಿಟ್ಟು ಬರುತ್ತದೆ.

ಕತ್ತಿ, ಏಣಿ, ಪಂಪಿನ ಫುಟ್‌ವಾಲ್ವು, ಒಬ್ಬರ ಕನ್ನಡಕ, ಇನ್ನೊಬ್ಬರ ಎಡಗಾಲಿನ ಗಂಬೂಟು, ಎಲ್ಲ ಹೀಗೆ ವಾಪಸು ಬಂದಿವೆ. ಒಮ್ಮೆ ನಮ್ಮ ಮನೆಯ ಹೇಂಟೆ ಕೋಳಿ ಹೋಗಿತ್ತು. ಅದು ಕಲ್ಲಿನ ಮೇಲೆ ಬುಟ್ಟಿಯಡಿ ಸಿಕ್ಕಿದಾಗ ಜೊತೆಗೆ ಮರಿಗಳೂ ಇದ್ದವು. ಕದ್ದವರು ಕಾವಿಗೆ ಕೂರಿಸಿ, ಮರಿಯಾದ ಮೇಲೆ ಮನಸ್ಸು ಕರಗಿ ತಂದಿಟ್ಟಿದ್ದರು. ಮೊಟ್ಟೆ ಯಾರದ್ದೋ, ಮರಿಗಳನ್ನಾದರೂ ವಾಪಸು ಕೊಡೋಣ ಎಂದು ಅಪ್ಪನಿಗೆ ಅನ್ನಿಸಿತು. ಯಾರಿಗೆ ಕೊಡುವುದು? ಕೇಳುವಂತಿಲ್ಲ. ಅಪ್ಪ ಬುಟ್ಟಿ ಹಿಡಿದುಕೊಂಡು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ್ದು ನನಗೆ ಇನ್ನೂ ನೆನಪಿದೆ. ನಾನೂ ಚಿಕ್ಕವನಿದ್ದಾಗ ರಬ್ಬರು ಕಳೆದುಕೊಂಡು ದೊರೆಯ ಮುಂದೆ ಕೂಗಿದ್ದೆ. ಚುಟ್ಟಾ ತರಲು ಧೈರ್ಯವಿಲ್ಲದೆ ಪೆಪ್ಪರ್‌ಮಿಂಟು ಇಟ್ಟಿದ್ದೆ. ಇಡುವ ಮುಂಚೆ ಸ್ವಲ್ಪ ಚೀಪಿದ್ದೆ. ರಬ್ಬರು ಬರಲಿಲ್ಲ, ತಪ್ಪು ದೊರೆಯದ್ದಲ್ಲ.

ಈ ಕಲ್ಲಿಗೆ ನಮ್ಮ ಕಡೆಯಿಂದ ಚುಟ್ಟಾ ಕಾಫಿಗಳ ಉಸ್ತುವಾರಿ ದೊಡ್ಡಮ್ಮನದು. ನಮ್ಮ ದೊಡ್ಡಪ್ಪನ ಹೆಂಡತಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ದೊಡ್ಡಮ್ಮ ಇದ್ದೇವೆ ಎಂದು ಹೊರಗಿನವರಿಗೆ ಹೇಳುತ್ತೇನೆ. ಸರಿಯಾಗಿ ಹೇಳಬೇಕೆಂದರೆ ಮನೆಯಲ್ಲಿ ದೊಡ್ಡಮ್ಮ ಇದ್ದಾರೆ, ನಾವಿಬ್ಬರು ಅವರ ಮನೆಯಲ್ಲಿದ್ದೇವೆ. ವಯಸ್ಸು ಎಂಬತ್ತು ದಾಟಿದೆ, ತೂಕವೂ ಎಂಬತ್ತು ದಾಟಿದೆ. ನನ್ನನ್ನು ಇನ್ನೂ ಪುಟ್ಟ ಎನ್ನುತ್ತಾರೆ. ಅವರ ಜೀವದ ಗೆಳತಿ ಬೇಲಿಯಾಚೆ ತೋಟದ ಲಲಿತಕ್ಕ. ಲಲಿತಕ್ಕ ಕಡ್ಡಿಯ ಹಾಗೆ, ಮಾತು ಕಡಿಮೆ, ಕೈ ಚುರುಕು.

ಇವರಿಬ್ಬರ ಗೆಳೆತನ ನಿಂತಿದ್ದದ್ದು ಒಂದು ಹಿತ್ತಾಳೆಯ ಶಾವಿಗೆ ಅಚ್ಚಿನ ಮೇಲೆ. ಒತ್ತು ಶಾವಿಗೆ ಮಾಡುವುದನ್ನು ನೋಡಿದವರಿಗೆ ಗೊತ್ತು, ಅದು ಒಬ್ಬರಿಂದ ಆಗುವ ಕೆಲಸವಲ್ಲ. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿ ಅಚ್ಚಿಗೆ ತುಂಬಿ, ಮರದ ಒರಳಿಗೆ ಕೂರಿಸಿ, ಒಬ್ಬರು ಅದರ ಉದ್ದನೆಯ ಹಿಡಿಯ ಮೇಲೆ ಭಾರ ಹಾಕಿ ಕೂರಬೇಕು. ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು, ಇಳಿಯುವ ಎಳೆಗಳನ್ನು ಸುತ್ತಿಸಿಕೊಳ್ಳಬೇಕು. ಭಾರ ನಮ್ಮ ಮನೆಯದು, ಚುರುಕು ಅವರ ಮನೆಯದು. ಲಲಿತಕ್ಕನ ಮನೆಯಲ್ಲೂ ಒರಳಿದೆ, ಆದರೆ ಅವರ ಅಚ್ಚು ಸೀಳಿ ಎಷ್ಟೋ ಕಾಲವಾಯಿತು. ಹಾಗಾಗಿ ಎರಡು ಮನೆಗೂ ದೊಡ್ಡಮ್ಮನ ಅಚ್ಚೇ ಅಚ್ಚು. ದೊಡ್ಡಮ್ಮ ಹಿಡಿಯ ಮೇಲೆ ಕೂತು ಊರಿನ ಸುದ್ದಿ ಹೇಳುವುದು, ಲಲಿತಕ್ಕ ಕೆಳಗೆ ತಟ್ಟೆ ತಿರುಗಿಸುತ್ತ ಹೂಂ ಅನ್ನುವುದು, ನಾವು ಕಾಯಿಹಾಲು ಮತ್ತು ಕೋಳಿಸಾರು ಎರಡನ್ನೂ ಎದುರಿಗಿಟ್ಟುಕೊಂಡು ಕಾಯುವುದು, ಇದು ನನಗೆ ಬುದ್ಧಿ ಬಂದಾಗಿನಿಂದ ನಡೆದು ಬಂದದ್ದು.

ಹೋದ ದೀಪಾವಳಿಗೆ ಲಲಿತಕ್ಕನ ಮನೆಗೆ ನೆಂಟರು ಬಂದರೆಂದು ಅಚ್ಚು ಆ ಕಡೆ ಹೋಯಿತು. ಹಬ್ಬ ಮುಗಿದ ಮೇಲೆ ದೊಡ್ಡಮ್ಮ ಕೇಳಿದರೆ, ಅವತ್ತೇ ತಂದು ನಿಮ್ಮ ಜಗಲಿ ಮೇಲೆ ಇಟ್ಟೆನಲ್ಲ ಎಂದರು ಲಲಿತಕ್ಕ. ದೊಡ್ಡಮ್ಮ ಬಂದಿಲ್ಲ ಎಂದರು. ಇಬ್ಬರೂ ಸುಳ್ಳು ಹೇಳುವವರಲ್ಲ, ಅದೇ ತೊಂದರೆ. ದೊಡ್ಡಮ್ಮ ಚುಟ್ಟಾ, ಕಾಫಿ ತೆಗೆದುಕೊಂಡು ಕಲ್ಲಿನ ಹತ್ತಿರ ಹೋಗಿ, ಶಾವಿಗೆ ಅಚ್ಚು ಹೋಗಿದೆ ಎಂದು ಕೂಗಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. "ಯಾರ ಮನೇಲಿದೆ ಅಂತ ನಿಮಗೂ ಗೊತ್ತು ದೊರೆ, ನನಗೂ ಗೊತ್ತು" ಎಂದು ಒಂದು ಮಾತು ಹೆಚ್ಚಿಗೆ ಸೇರಿಸಿದರು. ಲಲಿತಕ್ಕ ಬೇಲಿಯಾಚೆ ಕಾಫಿ ಕುಯ್ಯುತ್ತಿದ್ದರು. ಮಾರನೆಯ ದಿನ ಎರಡು ತೋಟಗಳ ನಡುವೆ ದಾಟಿ ಬರುವ ತಡಮೆಗೆ ಅವರು ತಂತಿ ಸುತ್ತಿಸಿದರು.

ಅಚ್ಚು ಬರಲಿಲ್ಲ. ಲಲಿತಕ್ಕನೂ ಬರಲಿಲ್ಲ. ದೊಡ್ಡಮ್ಮ ಕೆಲವು ದಿನ ಗುಡುಗಿದರು, ಆಮೇಲೆ ಇದ್ದಕ್ಕಿದ್ದಂತೆ ತೆಪ್ಪಗಾದರು. ಅಚ್ಚಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಊಟ ಕಡಿಮೆಯಾಯಿತು. ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಡ್ರಮ್ಮಿದೆ, ಅದರ ಹತ್ತಿರ ನನ್ನ ಹೆಂಡತಿಯನ್ನೂ ಬಿಡದೆ ತಾವೇ ಅಕ್ಕಿ ಅಳೆದು ಕೊಡತೊಡಗಿದರು. ವಯಸ್ಸಾದ ಮೇಲೆ ಹೀಗೆಲ್ಲ ಆಗುತ್ತದೆ ಎಂದು ನಾವು ಮಾತಾಡಿಕೊಂಡೆವು. ನನಗಂತೂ ಸಂಕಟವಾಗುತ್ತಿತ್ತು. ಶಾವಿಗೆ ಇಲ್ಲದ್ದಕ್ಕೂ ಆಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕೂತು ದೊಡ್ಡಮ್ಮ ಆ ತಡಮೆಯ ಕಡೆಗೇ ನೋಡುವುದನ್ನು ನೋಡಲು ಆಗುತ್ತಿರಲಿಲ್ಲ.

ಈ ನಡುವೆ ನಾನೊಂದು ಘನಕಾರ್ಯ ಮಾಡಿದ್ದೆ. ದೊರೆ ಕಲ್ಲಿನ ಫೋಟೋ ತೆಗೆದು, ರಾಜಮನೆತನದ ಜೋಸೆಫ್ ವಿಗ್ಗಿನ್ಸ್ ಅವರು ನಮ್ಮ ತೋಟದಲ್ಲಿ ಚಿರನಿದ್ರೆಯಲ್ಲಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದು ಫೇಸ್‌ಬುಕ್ಕಿಗೆ ಹಾಕಿದ್ದೆ. ಊರಿನವರು ಹೆಬ್ಬೆರಳು ಒತ್ತಿದರು. ಒಂದು ದಿನ ಆಸ್ಟ್ರೇಲಿಯಾದಿಂದ ಶೀಲಾ ಎಂಬಾಕೆ ಬರೆದರು. ಇವರು ನನ್ನ ಅಜ್ಜಿಯ ಅಜ್ಜ ಇರಬೇಕು, ನಾನು ಬರಲೇ ಎಂದು ಕೇಳಿದ್ದರು. ರಾಣಿಯ ಕಡೆಯವರು ಕೊನೆಗೂ ಬಂದರು ಎಂದು ನಾನು ಕಣ ಗುಡಿಸಿಸಿದೆ. ದೊಡ್ಡಮ್ಮನಿಗೆ ಹೆಸರೇ ಹಿಡಿಸಿಬಿಟ್ಟಿತು. ಶೀಲಾ ಎಂದರೆ ನಮ್ಮವರೇ ಯಾರೋ ಇರಬೇಕು, ಮದುವೆಯಾಗಿ ಆ ಕಡೆ ಹೋಗಿರಬಹುದು ಎಂದರು.

ಡಿಸೆಂಬರಿನ ಒಂದು ಬೆಳಿಗ್ಗೆ, ಬಣಕಲ್ಲಿನಲ್ಲಿ ಗ್ಯಾರೇಜು ಇಟ್ಟಿರುವ ಹಮೀದ್ ತನ್ನ ಜೀಪಿನಲ್ಲಿ ಆಕೆಯನ್ನು ಕರೆದುಕೊಂಡು ಬಂದ. ಅರವತ್ತು ದಾಟಿದ ಹೆಂಗಸು, ಗಿಡ್ಡ ಬಿಳಿ ಕೂದಲು, ಮೊಣಕಾಲಿನವರೆಗಿನ ಚಡ್ಡಿ, ಬಾಯ್ತುಂಬ ನಗು. ಕಣದಲ್ಲಿ ಕಾಫಿ ಹರಡಿತ್ತು, ಆಳುಗಳು ಕಾಲಿನಲ್ಲಿ ಕೆದಕುತ್ತಿದ್ದರು. ಬಿಸಿಲು ಆಗಷ್ಟೇ ಮಂಜನ್ನು ಸರಿಸುತ್ತಿತ್ತು. ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯುತ್ತ ಶೀಲಾ ತಮ್ಮ ಅಜ್ಜಿಯ ಅಜ್ಜನ ಕಥೆ ಶುರು ಮಾಡಿದರು. ನಾನು ದುಭಾಷಿ.

ಮೊದಲ ವಾಕ್ಯದಲ್ಲಿಯೇ ನಾನು ಇಕ್ಕಟ್ಟಿಗೆ ಸಿಕ್ಕಿದೆ. ಜೋಸೆಫ್ ಇಂಗ್ಲೆಂಡಿನಲ್ಲಿ ಯಾರದ್ದೋ ಹಿತ್ತಲಿನ ಹಗ್ಗದಿಂದ ಒಂದು ಪ್ಯಾಂಟು ಕದ್ದನಂತೆ. ಶೀಲಾ ಅದನ್ನು ನಮ್ಮವರು ಮಗ ಡಾಕ್ಟರಾದ ಎನ್ನುವಷ್ಟು ಹೆಮ್ಮೆಯಿಂದ ಹೇಳಿದರು. ದೊಡ್ಡಮ್ಮ ನನ್ನ ಮುಖ ನೋಡಿದರು. ಬಟ್ಟೆಯ ವ್ಯವಹಾರದಲ್ಲಿದ್ದರಂತೆ ಎಂದೆ. ಆಮೇಲೆ ಸರ್ಕಾರ ಅವನನ್ನು ಹಿಡಿದು ಏಳು ವರ್ಷಕ್ಕೆಂದು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತಂತೆ. ಸರ್ಕಾರವೇ ಖರ್ಚು ಹಾಕಿಕೊಂಡು ವಿದೇಶಕ್ಕೆ ಕಳಿಸಿತಂತೆ ಎಂದೆ. ಅಷ್ಟು ದೊಡ್ಡ ಮನುಷ್ಯರು, ಕಳಿಸದೆ ಏನು ಎಂದರು ದೊಡ್ಡಮ್ಮ. ಅಲ್ಲಿ ಅವನ ಕಾಲಿಗೆ ಸರಪಳಿ ಹಾಕಿ ರಸ್ತೆ ಕಡಿಸಿದರಂತೆ. ಲೋಕೋಪಯೋಗಿ ಇಲಾಖೆಯಲ್ಲಿದ್ದರು ಎಂದೆ. ಜೀಪಿಗೆ ಒರಗಿ ನಿಂತಿದ್ದ ಹಮೀದ್ ಕೆಮ್ಮುವ ಹಾಗೆ ಮಾಡಿ ಆ ಕಡೆ ತಿರುಗಿದ. ಗಲ್ಫಿನಲ್ಲಿ ಕೆಲಸ ಮಾಡಿ ಬಂದವನು, ಅವನಿಗೆ ಇಂಗ್ಲಿಷು ಗೊತ್ತು ಎಂಬುದು ನನಗೆ ಮರೆತೇಹೋಗಿತ್ತು.

ಕಥೆ ಕೇಳಿ ದೊಡ್ಡಮ್ಮ ಭಕ್ತಿಯಿಂದ ಕೈ ಮುಗಿದದ್ದು ನೋಡಿ ಶೀಲಾಗೆ ಅನುಮಾನ ಬಂತು. ಕಳ್ಳತನದ ಕಥೆಗೆ ಯಾರೂ ನಗುತ್ತಿಲ್ಲವಲ್ಲ! ಆಕೆ ಎದ್ದರು. ಕಣದ ಪಕ್ಕದ ತಂತಿಯಲ್ಲಿ ನನ್ನ ಬೂದು ಬಣ್ಣದ ಪ್ಯಾಂಟು ಒಣಗುತ್ತಿತ್ತು. ಅತ್ತ ಇತ್ತ ನೋಡಿದರು, ತುದಿಗಾಲಿನಲ್ಲಿ ಹೋದರು, ಪ್ಯಾಂಟು ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಂಡು ಹರಡಿದ ಕಾಫಿಯ ಮೇಲೆಯೇ ಓಡಿದರು. ನಾಯಿ ತನ್ನ ಕೆಲಸ ತಾನು ಮಾಡಿತು, ಬೊಗಳುತ್ತ ಹಿಂದೆ ಬಿತ್ತು. ಕಣದ ಆ ತುದಿಯಲ್ಲಿ ನಿಂತು ಶೀಲಾ ಎರಡು ಮಣಿಕಟ್ಟುಗಳನ್ನು ಒಂದಕ್ಕೊಂದು ಜೋಡಿಸಿ ಎತ್ತಿ ತೋರಿಸಿದರು. ಆಳುಗಳೆಲ್ಲ ಕೆಲಸ ನಿಲ್ಲಿಸಿದ್ದರು. ಇನ್ನು ಯಾವ ದುಭಾಷಿಯೂ ಬೇಕಿರಲಿಲ್ಲ.

ನಾಲ್ಕು ತಲೆಮಾರು ಕಷ್ಟಪಟ್ಟು ರಾಣಿಯ ಪಕ್ಕಕ್ಕೆ ಏರಿಸಿದ್ದ ದೊರೆ ಒಂದು ಪ್ಯಾಂಟಿನ ಸಮೇತ ಕೆಳಗೆ ಬಿದ್ದಿದ್ದರು. ನನಗಿದ್ದ ಹೆದರಿಕೆ ಮರ್ಯಾದೆಯದಲ್ಲ, ಅಚ್ಚಿನದು. ಕದ್ದವರು ವಾಪಸು ತಂದಿಡುವುದು ದೊರೆಯ ಭಯಕ್ಕೆ. ದೊರೆಯೇ ಕಳ್ಳನೆಂದು ಗೊತ್ತಾದರೆ ಯಾರು ತಂದಿಡುತ್ತಾರೆ? ಅಚ್ಚು ಬಾರದಿದ್ದರೆ ತಡಮೆಯ ತಂತಿ ಬಿಚ್ಚುವವರು ಯಾರು? ಸಾಲದ್ದಕ್ಕೆ ಶೀಲಾ ಕಲ್ಲಿಗೆ ಒಂದು ಹಿತ್ತಾಳೆ ಫಲಕ ಹಾಕಿಸುವ ಮನಸ್ಸು ಮಾಡಿದ್ದರು. ಕಳ್ಳ ಎಂಬ ಪದ ಅದರಲ್ಲಿ ಇರಲೇಬೇಕಂತೆ, ಗಡೀಪಾರಾಗಿ ಬಂದವರ ವಂಶ ಎಂದರೆ ಅವರ ದೇಶದಲ್ಲಿ ಈಗ ಹೆಮ್ಮೆಯಂತೆ. ಕನ್ನಡದಲ್ಲಿಯೂ ಬೇಕು, ನೀವೇ ಬರೆದುಕೊಡಿ ಎಂದು ನನಗೇ ಗಂಟುಬಿದ್ದಿದ್ದರು.

ಅಷ್ಟರಲ್ಲಿ ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಆ ಪ್ಯಾಂಟು ಒಣಗಿತ್ತಂತಾ, ಕೇಳು."

ಇದೆಂಥ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಮಳೆಗಾಲ ಬಂತೆಂದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ, ಹೊಗೆ ವಾಸನೆಯ ಪ್ಯಾಂಟು ಹಾಕಿಕೊಂಡು ಮದುವೆಗೆ ಹೋಗುವ ನಮ್ಮ ಕಡೆಯವರಿಗೆ ಅನ್ನಿಸುವುದಿಲ್ಲ. ನಾನು ಕೇಳಿದೆ. ಒದ್ದೆಯಿತ್ತಂತೆ. ಒಗೆದು ಆಗಷ್ಟೇ ಹಾಕಿದ್ದೆವೆಂದು ಒಡೆಯರು ನ್ಯಾಯಾಲಯದಲ್ಲಿ ಹೇಳಿದ್ದು ಈಗಲೂ ದಾಖಲೆಯಲ್ಲಿದೆಯಂತೆ. ನೀರು ತೊಟ್ಟಿಕ್ಕುತ್ತಿದ್ದ ಪ್ಯಾಂಟನ್ನೇ ಹಾಕಿಕೊಂಡು ನಡೆಯುತ್ತಿದ್ದಾಗ ಹುಡುಗ ಸಿಕ್ಕಿಬಿದ್ದನಂತೆ.

"ಒದ್ದೆ ಪ್ಯಾಂಟು ಕದ್ದೋನು ಕಳ್ಳ ಅಲ್ಲ ಮಾರಾಯ" ಎಂದರು ದೊಡ್ಡಮ್ಮ. "ಬೇರೆ ಪ್ಯಾಂಟು ಇಲ್ದೋನು. ಪಾಪ ಅವನು." ದೊರೆಯನ್ನು ಅವರು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆಮೇಲೆ ಶೀಲಾರ ಚಡ್ಡಿಯನ್ನು ಕರುಣೆಯಿಂದ ನೋಡಿ, ಇಷ್ಟು ತಲೆಮಾರಾದರೂ ಇವರಿಗೆ ಅರ್ಧವೇ ಸಿಕ್ಕಿರುವುದು ಎಂದರು. ಇದನ್ನು ಹಮೀದ್ ಇಂಗ್ಲಿಷಿಗೆ ದಾಟಿಸಿದ. ಶೀಲಾ ನಕ್ಕ ರಭಸಕ್ಕೆ ಕಾಫಿ ಲೋಟ ಉರುಳಿತು.

ಉಳಿದ ಕಥೆ ಊಟದ ಹೊತ್ತಿಗೆ ಬಂತು. ಏಳು ವರ್ಷ ಮುಗಿದ ಮೇಲೆ ಜೋಸೆಫ್ ಅಲ್ಲಿಯೇ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಮದುವೆಯಾದನಂತೆ, ಒಂದು ಮಗುವೂ ಆಯಿತಂತೆ. ಹಡಗಿನಲ್ಲಿ ಕುದುರೆ ತುಂಬಿಕೊಂಡು ಮದರಾಸಿಗೆ ಹೊರಟವನು, ಮಾರಿ ಬೇಗ ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಹೋದನಂತೆ. ಅಷ್ಟೇ. ಮದರಾಸಿನಿಂದ ಯಾವುದೋ ಕಾಫಿ ದೊರೆಯ ಕುದುರೆಯ ಬಾಲ ಹಿಡಿದು ನಮ್ಮ ಬೆಟ್ಟಕ್ಕೆ ಬಂದಿರಬೇಕು ಎಂದು ಶೀಲಾರ ಲೆಕ್ಕ. ಹೆಂಡತಿ ಏನು ಮಾಡಿದಳು ಎಂದು ದೊಡ್ಡಮ್ಮ ಕೇಳಿಸಿದರು. ಮನೆಯಲ್ಲಿ ಗಂಡಸಿದ್ದಾನೆ ಎಂದು ಆಚೀಚೆಯವರಿಗೆ ಕಾಣಲಿ ಎಂದು ಅವಳು ಬಟ್ಟೆ ಒಗೆದಾಗಲೆಲ್ಲ ಅವನ ಒಂದು ಪ್ಯಾಂಟನ್ನೂ ನೆನೆಸಿ ಹಗ್ಗಕ್ಕೆ ಹಾಕುತ್ತಿದ್ದಳಂತೆ. ಹರಿದು ಚಿಂದಿಯಾಗುವವರೆಗೂ ಹಾಕಿದಳಂತೆ.

ನಾವು ಯಾರೂ ನಗಲಿಲ್ಲ. ಶೀಲಾ ತಟ್ಟೆಯನ್ನೇ ನೋಡುತ್ತ ಹೇಳಿದ್ದನ್ನು ನಾನು ಈ ಸಲ ಒಂದು ಅಕ್ಷರವೂ ಬಿಡದೆ ಕನ್ನಡ ಮಾಡಿದೆ. ಕದ್ದದ್ದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಬೇಜಾರಿಲ್ಲ. ವಾಪಸು ಬರಲು ಅವನಿಗೆ ನಾಚಿಕೆಯಾಯಿತೋ, ಏನು ಹೇಳುವುದೆಂದು ತಿಳಿಯಲಿಲ್ಲವೋ. ಬಂದಿದ್ದರೆ ಸಾಕಿತ್ತು, ಯಾರೂ ಬೈಯುತ್ತಿರಲಿಲ್ಲ ಎಂದಿದ್ದರು ಶೀಲಾ.

"ಬೈತಿರ್ಲಿಲ್ವಂತಾ?" ಎಂದರು ದೊಡ್ಡಮ್ಮ.

ಇಲ್ಲವಂತೆ ಎಂದೆ.

"ಸರಿಯಾಗಿ ಕೇಳು ಪುಟ್ಟ. ಒಂದು ಮಾತೂ ಬೈತಿರ್ಲಿಲ್ವಂತಾ?"

ಮತ್ತೆ ಕೇಳಿದೆ. ಒಂದು ಮಾತೂ ಇಲ್ಲ ಎಂದರು ಶೀಲಾ. ದೊಡ್ಡಮ್ಮ ತಟ್ಟೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸುತ್ತ ಕೂತರು. ಬಿಸಿಲಿಗೆ ಸುಸ್ತಾಗಿದೆ ಎಂದುಕೊಂಡೆ. ನನ್ನ ಬುದ್ಧಿ ಯಾವಾಗಲೂ ಕೊನೆಯ ಬಸ್ಸಿಗೆ ಬರುವಂಥದ್ದು.

ರಾತ್ರಿ ನಮ್ಮಲ್ಲೇ ಉಳಿದ ಶೀಲಾ ಮಾರನೆಯ ಬೆಳಿಗ್ಗೆ ಹೊರಡುವುದಿತ್ತು, ಹಮೀದ್ ಜೀಪು ತಂದಿದ್ದ. ಅದಕ್ಕೆ ಮೊದಲು ಎಲ್ಲರೂ ಕಲ್ಲಿನ ಹತ್ತಿರ ಹೋಗಿ ಫೋಟೋ ತೆಗೆಸಿಕೊಳ್ಳುವುದೆಂದು ಮಾತಾಗಿತ್ತು. ನನ್ನ ಬೂದು ಪ್ಯಾಂಟು ಕಾಣಲಿಲ್ಲ. ಕಣದ ದೂಳಿನಲ್ಲಿ ಬಿದ್ದದ್ದನ್ನು ಸಂಜೆ ಮತ್ತೆ ಒಗೆದು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೆ ಎಂದಳು ಹೆಂಡತಿ. ಹಗ್ಗ ಬರಿದಾಗಿತ್ತು. ಇರುವ ಒಂದೇ ಒಳ್ಳೆ ಪ್ಯಾಂಟು, ವಿದೇಶದ ಫೋಟೋಕ್ಕೆಂದು ಇಟ್ಟುಕೊಂಡದ್ದು. ದೊಡ್ಡಮ್ಮನನ್ನು ಕೇಳಿದರೆ, ನಿನ್ನ ಬಟ್ಟೆ ಕಾಯೋದಕ್ಕೆ ನಾನು ಇರೋದಾ ಎಂದರು. ಪಂಚೆ ಸುತ್ತಿಕೊಂಡು ಹೊರಟೆ.

ಮಂಜು ಇನ್ನೂ ಕರಗಿರಲಿಲ್ಲ. ಮೇಲೆ ಹೋದರೆ ಹಲಸಿನ ಮರದ ಪಕ್ಕ ಲಲಿತಕ್ಕ ನಿಂತಿದ್ದರು. ಬೆಳ್ಳಗಿನ ಹೆಂಗಸನ್ನು ನೋಡಿ ಹೋಗೋಣ ಎಂದು ರಸ್ತೆಯ ಕಡೆಯಿಂದ ಸುತ್ತಿ ಬಂದಿದ್ದರು. ದೊಡ್ಡಮ್ಮನ ಕಡೆ ನೋಡಲಿಲ್ಲ. ದೊಡ್ಡಮ್ಮನೂ ನೋಡಲಿಲ್ಲ. ಕಲ್ಲಿನ ಮೇಲೆ ಒಂದು ಗಂಟು ಇತ್ತು.

ಹಮೀದ್ ಗಂಟು ಬಿಚ್ಚಿದ. ಶಾವಿಗೆ ಅಚ್ಚು. ಎತ್ತಿ ಹಿಡಿದಾಗ ಅದರೊಳಗಿಂದ ನಾಲ್ಕು ಅಕ್ಕಿಕಾಳು ಕಲ್ಲಿನ ಮೇಲೆ ಉದುರಿದವು. ಸುತ್ತಿದ್ದ ಬಟ್ಟೆಯನ್ನು ಅವನು ಕೊಡವಿ ಹಿಡಿದ. ಬೂದು ಬಣ್ಣದ ಪ್ಯಾಂಟು. ಇನ್ನೂ ಒದ್ದೆಯಿತ್ತು.

ಕೊನೆಯ ಬಸ್ಸು ಆಗ ಬಂತು. ಅಕ್ಕಿ ಡ್ರಮ್ಮು. ಜಗಲಿಯಿಂದ ಅಚ್ಚು ತೆಗೆದು, ಹಬ್ಬದ ಗಡಿಬಿಡಿಯಲ್ಲಿ ಯಾರಿಗೂ ಸಿಗದಂತೆ ಅಕ್ಕಿಯೊಳಗೆ ಹುಗಿದಿಟ್ಟವರು ದೊಡ್ಡಮ್ಮನೇ. ಇಟ್ಟದ್ದು ಮರೆತಿದ್ದಾರೆ. ಊರಿಗೆಲ್ಲ ಕೇಳುವ ಹಾಗೆ ಕೂಗಿ ಆದ ಮೇಲೆ ಒಂದು ದಿನ ಅಕ್ಕಿ ತೆಗೆಯುವಾಗ ಕೈಗೆ ಸಿಕ್ಕಿದೆ. ಅಲ್ಲಿಂದ ಇಲ್ಲಿಯವರೆಗೆ ಅಚ್ಚು ಆ ಡ್ರಮ್ಮಿನಲ್ಲಿಯೂ ದೊಡ್ಡಮ್ಮನ ಗಂಟಲಿನಲ್ಲಿಯೂ ಸಿಕ್ಕಿಕೊಂಡು ಕೂತಿತ್ತು. ಕಲ್ಲಿನ ಮೇಲೆ ಯಾವತ್ತೋ ತಂದಿಡಬಹುದಿತ್ತು. ಆದರೆ ಲಾರ್ಡ್ ಆದವರ, ರಾಣಿಯ ಚಿಕ್ಕಪ್ಪನ ಮಗನ ಎದುರು ಅಂಥ ಕೆಲಸ ಮಾಡಲು ಅವರಿಗೆ ಮುಖವಿರಲಿಲ್ಲ. ಒದ್ದೆ ಪ್ಯಾಂಟು ಕದ್ದ ಹುಡುಗನ ಎದುರು ಮಾಡಲು ಧೈರ್ಯ ಬಂದಿತ್ತು. ಅವನಿಗೊಂದು ಪ್ಯಾಂಟನ್ನೂ ತಂದಿದ್ದರು. ನನ್ನದನ್ನು ತರಬೇಕಿತ್ತೇ ಎಂಬುದು ಬೇರೆ ಮಾತು.

"ಅಣ್ಣ, ಈ ಪ್ಯಾಂಟು ನಿಮ್ಮ..." ಎಂದು ಶುರು ಮಾಡಿದ ಹಮೀದ್ ನನ್ನ ಮುಖ ನೋಡಿ ನಿಲ್ಲಿಸಿದ. ಲಲಿತಕ್ಕನ ಕಣ್ಣು ಪ್ಯಾಂಟಿನಿಂದ ನನ್ನ ಪಂಚೆಗೆ ಬಂತು. ಅದು ನನ್ನದೆಂದು ಒಪ್ಪಿಕೊಂಡರೆ ಗಂಟು ಯಾವ ಮನೆಯಿಂದ ಬಂತು ಎಂಬುದು ಅಲ್ಲಿಗೇ ಇತ್ಯರ್ಥ. ದೊಡ್ಡಮ್ಮ ನನ್ನ ಕಡೆ ನೋಡಿದರು. ಎಂಬತ್ತು ವರ್ಷ ಯಾರಿಗೂ ಹೆದರದ ಆ ಮುಖದಲ್ಲಿ ಹೆದರಿಕೆ ಇತ್ತು.

"ಯಾರದ್ದೋ ಏನೋ" ಎಂದೆ. "ನಾನು ಅಂಥ ಬಣ್ಣ ಹಾಕೋದೇ ಇಲ್ಲ."

ಶೀಲಾ ಒಬ್ಬರಿಗೇ ಇದು ಅರ್ಥವಾಗಲಿಲ್ಲ. ತಮ್ಮ ಹಿರಿಯಜ್ಜನಿಗೆ ಊರಿನವರು ಪ್ಯಾಂಟು ಒಪ್ಪಿಸಿದ್ದಾರೆ ಎಂದು ತಿಳಿದು ಅವರ ಕಣ್ಣು ತುಂಬಿತು. ಫೋಟೋ ತೆಗೆದರು. ಆ ಫೋಟೋದಲ್ಲಿ ಮಧ್ಯದಲ್ಲಿ ನನ್ನ ಪ್ಯಾಂಟು, ಪಕ್ಕದಲ್ಲಿ ನಾನು ಪಂಚೆಯಲ್ಲಿ.

ದೊಡ್ಡಮ್ಮ ಅಚ್ಚನ್ನು ಸೆರಗಿನಲ್ಲಿ ಒರೆಸಿದರು. ಇಷ್ಟು ದಿನಗಳ ಮೇಲೆ ಗೆಳತಿಯ ಕಡೆ ತಿರುಗಿದರು. "ಬಾರೇ ಲಲಿತಾ. ನಿನ್ನೆ ರಾತ್ರೀನೇ ಅಕ್ಕಿ ನೆನೆಸಿಟ್ಟಿದೀನಿ."

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಬೆಳಿಗ್ಗೆ ಸಿಕ್ಕಿದ ಅಚ್ಚಿಗೆ ರಾತ್ರಿಯೇ ಅಕ್ಕಿ ನೆನೆಸಿದ್ದು ಹೇಗೆ? ಹಮೀದ್ ಆಕಾಶ ನೋಡಿದ. ನಾನು ಪಂಚೆ ಸರಿಮಾಡಿಕೊಂಡೆ. ಲಲಿತಕ್ಕ ಕಲ್ಲಿನ ಮೇಲಿನ ಅಕ್ಕಿಕಾಳುಗಳನ್ನು ಒಂದು ಗಳಿಗೆ ನೋಡಿದರು. ಕೇಳಬಾರದು ಎಂಬುದು ದೊರೆಯ ಕಟ್ಟಳೆ. ಅವರು ಬಗ್ಗಿ ಒಂದೊಂದೇ ಕಾಳು ಹೆಕ್ಕಿ ಅಚ್ಚಿನೊಳಗೆ ಹಾಕಿ, "ನಡೀರಿ ಅಕ್ಕ, ತಟ್ಟೆ ನಾನು ಹಿಡೀತೀನಿ" ಎಂದರು. ಮನೆಗೆ ಹೋಗುವಾಗ ರಸ್ತೆಯ ಕಡೆಯಿಂದ ಬಳಸಲಿಲ್ಲ. ತಡಮೆಯ ತಂತಿಯನ್ನು ಹಮೀದನ ಜೀಪಿನಲ್ಲಿದ್ದ ಇಕ್ಕಳದಿಂದ ತಾವೇ ಕತ್ತರಿಸಿದರು.

ಶೀಲಾ ಜೀಪು ಹತ್ತಲು ಮಧ್ಯಾಹ್ನವಾಯಿತು. ಶಾವಿಗೆಯನ್ನು ಒಮ್ಮೆ ಕಾಯಿಹಾಲಿನಲ್ಲಿ, ಒಮ್ಮೆ ಕೋಳಿಸಾರಿನಲ್ಲಿ, ಒಮ್ಮೆ ತಿಳಿಯದೆ ಎರಡನ್ನೂ ಬೆರೆಸಿ ತಿಂದರು. ಫಲಕಕ್ಕೆ ಏನು ಬರೆಯಲಿ ಎಂದು ನಾನು ದೊಡ್ಡಮ್ಮನನ್ನೇ ಕೇಳಿದೆ. ಹಿಡಿಯ ಮೇಲೆ ಕೂತು, ಕೆಳಗೆ ತಟ್ಟೆ ತಿರುಗುವುದನ್ನು ನೋಡುತ್ತ ಅವರು ಹೇಳಿದರು: "ಪ್ಯಾಂಟು ಕದ್ದಿದ್ದ ಅಂತಾನೇ ಬರಿ. ಕೆಳಗೆ, ಇವನ ಹತ್ರ ಹೇಳ್ಕೋಬಹುದು ಅಂತ ಬರಿ." ಲಲಿತಕ್ಕ ಕೆಳಗಿನಿಂದ ಹೂಂ ಅಂದರು. ಈಗ ಹಾಗೆಯೇ ಇದೆ, ಬಂದಾಗ ನೋಡಿ.

ಅವತ್ತು ಮೊದಲ ಸುತ್ತಿನ ಶಾವಿಗೆಯನ್ನು ಬಾಳೆಲೆಯಲ್ಲಿಟ್ಟು ದೊರೆಗೆ ಕೊಟ್ಟು ಬಾ ಎಂದು ನನ್ನನ್ನೇ ಕಳಿಸಿದರು. ಪ್ಯಾಂಟನ್ನು ಸದ್ದಿಲ್ಲದೆ ಮನೆಗೆ ತರಬಹುದೇನೋ ಎಂಬ ಆಸೆ ನನಗೂ ಇತ್ತು. ಹೋಗಿ ನೋಡಿದರೆ ಕಲ್ಲು ಬರಿದಾಗಿತ್ತು. ನಾನು ಅತ್ತ ಇತ್ತ ನೋಡಿದೆ, ಲೈನ್ ಮನೆಗಳ ಕಡೆಗೂ ನೋಡಿದೆ. ಕೂಗಿ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದೆ. ಯಾರು ತೆಗೆದುಕೊಂಡರೋ ಇವತ್ತಿಗೂ ಕೇಳಿಲ್ಲ. ಒದ್ದೆಯನ್ನೇ ಕೊಂಡುಹೋಗಿದ್ದಾರೆ, ಪಾಪ, ಬೇರೆ ಇರಲಿಲ್ಲವೇನೋ.